ಸುಂಕದಿಂದ ದೇಶ ಶ್ರೀಮಂತವಾಯಿತೇ? ವಿಲಿಯಂ ಮೆಕಿನ್ಲಿಯ 1890ರ ಕಾಯ್ದೆಯನ್ನು ಮತ್ತೆ ಓದುವಾಗ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಆಂಟೀಟಮ್ ಎಂಬ ರಣಭೂಮಿಯಿದೆ. ಅಲ್ಲಿರುವ ಸ್ಮಾರಕಗಳಲ್ಲಿ ಒಂದು, ಸೈನಿಕರಿಗೆ ಬಿಸಿ ಕಾಫಿ ಹಂಚಿದ ಹುಡುಗನ ನೆನಪಿಗೆ ನಿಲ್ಲಿಸಿದ್ದು. 1862ರ ಸೆಪ್ಟೆಂಬರ್ 17ರಂದು ಅಂತರ್ಯುದ್ಧದ ಅತ್ಯಂತ ರಕ್ತಸಿಕ್ತ ದಿನ ಅಲ್ಲಿ ನಡೆಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಎರಡೂ ಕಡೆ ಸೇರಿ ಸುಮಾರು 23 ಸಾವಿರ. ಬೆಳಗಿನಿಂದ ಹೊಟ್ಟೆಗೇನೂ ಇಲ್ಲದೆ ಕಾದಾಡುತ್ತಿದ್ದ 23ನೇ ಓಹಾಯೋ ಪಡೆಗೆ, ಉಗ್ರಾಣದ ಹೊಣೆ ಹೊತ್ತಿದ್ದ 19 ವರ್ಷದ ಹುಡುಗನೊಬ್ಬ ಗುಂಡಿನ ಮಳೆಯ ನಡುವೆಯೇ ಗಾಡಿ ಹೊಡೆದುಕೊಂಡು ಹೋಗಿ ಊಟ, ಕಾಫಿ ಮುಟ್ಟಿಸಿದ. ಅವನ ಹೆಸರು ವಿಲಿಯಂ ಮೆಕಿನ್ಲಿ. ಮುಂದೆ ಅಮೆರಿಕದ 25ನೇ ಅಧ್ಯಕ್ಷನಾದವನು ಅವನೇ.

ಎಷ್ಟೋ ವರ್ಷಗಳಿಂದ ಅಮೆರಿಕನ್ನರೇ ಹೆಚ್ಚಾಗಿ ನೆನೆಯದಿದ್ದ ಈ ಹೆಸರು ಈಗ ಮತ್ತೆ ಸುದ್ದಿಯಲ್ಲಿದೆ. 2025ರ ಜನವರಿ 20ರಂದು ಎರಡನೇ ಸಲ ಅಧಿಕಾರ ವಹಿಸಿಕೊಂಡ ಡೊನಾಲ್ಡ್ ಟ್ರಂಪ್ ತಮ್ಮ ಮೊದಲ ಭಾಷಣದಲ್ಲೇ, ಮೆಕಿನ್ಲಿ ಸುಂಕಗಳಿಂದ ಮತ್ತು ಪ್ರತಿಭೆಯಿಂದ ನಮ್ಮ ದೇಶವನ್ನು ಬಹಳ ಶ್ರೀಮಂತವಾಗಿಸಿದರು, ಅವರು ಹುಟ್ಟು ವ್ಯಾಪಾರಿ ಎಂದರು. ಅಲಾಸ್ಕಾದ ಮೂಲನಿವಾಸಿಗಳು ಡೆನಾಲಿ ಎಂದು ಕರೆಯುವ, ಉತ್ತರ ಅಮೆರಿಕದ ಅತಿ ಎತ್ತರದ ಪರ್ವತಕ್ಕೆ ಮೆಕಿನ್ಲಿ ಹೆಸರನ್ನು ಮತ್ತೆ ಇಡುವ ಆದೇಶಕ್ಕೂ ಅದೇ ದಿನ ಸಹಿ ಬಿತ್ತು. ಅಮೆರಿಕ ಅತ್ಯಂತ ಶ್ರೀಮಂತವಾಗಿದ್ದ ಕಾಲ 1870ರಿಂದ 1913ರವರೆಗೆ, ಆಗ ದೇಶ ಸುಂಕದ ಮೇಲೆ ನಡೆಯುತ್ತಿತ್ತು ಎಂಬ ಮಾತನ್ನು ಟ್ರಂಪ್ ಪದೇಪದೇ ಹೇಳಿದ್ದಾರೆ. ಅದೇ ಏಪ್ರಿಲ್ 2ರಂದು ಬಹುತೇಕ ಎಲ್ಲ ದೇಶಗಳ ಮೇಲೂ ಸುಂಕ ಘೋಷಣೆಯಾಯಿತು.

ಭಾರತಕ್ಕೆ ಇದು ದೂರದ ಸುದ್ದಿಯಲ್ಲ. 2025ರ ಆಗಸ್ಟ್ 7ರಿಂದ ಭಾರತದ ಸರಕಿನ ಮೇಲೆ ಶೇ 25, ರಷ್ಯಾದ ತೈಲ ಕೊಂಡದ್ದಕ್ಕೆಂದು ಆಗಸ್ಟ್ 27ರಿಂದ ಇನ್ನೂ ಶೇ 25, ಒಟ್ಟು ಶೇ 50 ಸುಂಕ ಬಿತ್ತು. ಆಮೇಲಿನ ಮಾತುಕತೆ, ಚೌಕಾಸಿಗಳ ಕಥೆ ಬೇರೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯೊಂದನ್ನೇ ನೋಡಿ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಂಗಿ ಅಮೆರಿಕದ ಬಂದರಿಗೆ ಹೋದರೆ ಈ ಸುಂಕ ಪೂರ್ತಿಯಾಗಿ ಬೀಳುತ್ತಿತ್ತು. ಅಲ್ಲಿಂದ ಹೆಚ್ಚು ದೂರವಿಲ್ಲದ ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಜೋಡಿಸಿದ ಐಫೋನಿಗೆ ವಿನಾಯಿತಿ ಇತ್ತು. ಯಾವುದಕ್ಕೆ ಸುಂಕ, ಯಾವುದಕ್ಕೆ ಇಲ್ಲ ಎಂದು ವಾಷಿಂಗ್ಟನ್ನಿನಲ್ಲಿ ಬರೆಯುವ ಒಂದು ಸಾಲು ಒಂದೇ ಜಿಲ್ಲೆಯ ಎರಡು ಮನೆಗಳನ್ನು ಎರಡು ದಾರಿಗೆ ಹಚ್ಚುತ್ತದೆ. ಈ ನೀತಿಗೆ ಮಾದರಿ ಎಂದು ತೋರಿಸಲಾಗುತ್ತಿರುವ ಮನುಷ್ಯ ನಿಜಕ್ಕೂ ಏನು ಮಾಡಿದರು, ಅದರಿಂದ ಏನಾಯಿತು ಎಂದು ಬಿಡಿಸಿ ನೋಡುವುದು ಆದ್ದರಿಂದಲೇ ಅಗತ್ಯ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮೆಕಿನ್ಲಿಯ ಹೆಸರಿನಲ್ಲಿ ಇಂದು ಹೇಳುತ್ತಿರುವ ಕಥೆಗೂ ಮೆಕಿನ್ಲಿಯ ಕಡತಕ್ಕೂ ತಾಳೆಯಾಗುವುದಿಲ್ಲ.

ಮೆಕಿನ್ಲಿ ಹುಟ್ಟಿದ್ದು 1843ರಲ್ಲಿ, ಓಹಾಯೋದ ನೈಲ್ಸ್ ಎಂಬ ಸಣ್ಣ ಊರಿನಲ್ಲಿ. ತಂದೆ ಕಬ್ಬಿಣ ಕರಗಿಸುವ ಕುಲುಮೆ ನಡೆಸುತ್ತಿದ್ದರು. ಅಗ್ಗದ ಬ್ರಿಟಿಷ್ ಕಬ್ಬಿಣ ಬಂದಿಳಿದರೆ ಊರಿನ ಕುಲುಮೆ ಆರುತ್ತದೆ ಎಂಬ ಆತಂಕ ಮನೆಯ ಮಾತಾಗಿತ್ತು. ಅವರ ಸುಂಕಪ್ರೇಮದ ಬೇರು ಅಲ್ಲಿದೆ, ಮತ್ತು ಅದು ಪ್ರಾಮಾಣಿಕವಾದದ್ದು. ಯುದ್ಧ ಮುಗಿಸಿ, ಕಾನೂನು ಓದಿ, ಕ್ಯಾಂಟನ್ ಎಂಬಲ್ಲಿ ವಕೀಲರಾದರು. 1876ರಲ್ಲಿ ಮುಷ್ಕರ ಹೂಡಿ ಜೈಲು ಸೇರಿದ್ದ ಕಲ್ಲಿದ್ದಲು ಗಣಿ ಕಾರ್ಮಿಕರ ಪರ ವಾದಿಸಿ, ಒಬ್ಬನನ್ನುಳಿದು ಎಲ್ಲರನ್ನೂ ಬಿಡಿಸಿದರು, ಫೀಸು ತೆಗೆದುಕೊಳ್ಳಲಿಲ್ಲ. ಆ ಗಣಿ ಮಾಲೀಕರಲ್ಲಿ ಒಬ್ಬರಾಗಿದ್ದ ಮಾರ್ಕ್ ಹ್ಯಾನ್ನಾ ಮುಂದೆ ಇವರ ರಾಜಕೀಯದ ಬಲಗೈ ಆದರು. ಆದರೆ ಹುಟ್ಟು ವ್ಯಾಪಾರಿ ಎಂಬ ಮಾತಿಗೆ ಆಧಾರವಿಲ್ಲ. ಅವರು ಜೀವಮಾನವೆಲ್ಲ ವಕೀಲ, ಜನಪ್ರತಿನಿಧಿ. ಓಹಾಯೋ ಗವರ್ನರ್ ಆಗಿದ್ದಾಗ 1893ರಲ್ಲಿ, ಗೆಳೆಯನೊಬ್ಬನ ಸಾಲಪತ್ರಗಳಿಗೆ ಜಾಮೀನು ಸಹಿ ಹಾಕಿ ಒಂದು ಲಕ್ಷ ಡಾಲರಿಗೂ ಮೀರಿದ ಸಾಲ ಮೈಮೇಲೆ ಬಂತು. ಹ್ಯಾನ್ನಾ ಮತ್ತಿತರ ಸ್ನೇಹಿತರು ಹಣ ಕೂಡಿಸಿ ತೀರಿಸದಿದ್ದರೆ ದಿವಾಳಿಯೇ ಗತಿಯಾಗುತ್ತಿತ್ತು.

ಇನ್ನು ಸುಂಕದ ವಿಷಯ. 19ನೇ ಶತಮಾನದ ಅಮೆರಿಕದಲ್ಲಿ ಕಾಯಂ ಆದಾಯ ತೆರಿಗೆ ಇರಲಿಲ್ಲ. ಅಂತರ್ಯುದ್ಧದ ಖರ್ಚಿಗೆಂದು ತಂದದ್ದನ್ನು 1872ರಲ್ಲಿ ಬಿಟ್ಟಿದ್ದರು. 1894ರಲ್ಲಿ ಮತ್ತೆ ತಂದಾಗ ಮರುವರ್ಷವೇ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. 1913ರ ಸಂವಿಧಾನ ತಿದ್ದುಪಡಿಯ ತನಕ ಕೇಂದ್ರ ಸರ್ಕಾರದ ಖಜಾನೆ ತುಂಬುತ್ತಿದ್ದದ್ದು ಬಂದರಿನ ಸುಂಕ ಮತ್ತು ಮದ್ಯ, ತಂಬಾಕಿನ ಮೇಲಿನ ತೆರಿಗೆಯಿಂದ. ಸರ್ಕಾರ ಚಿಕ್ಕದು, ಖರ್ಚು ಕಡಿಮೆ. 1880ರ ದಶಕದ ಕೊನೆಗೆ ಆದದ್ದು ಇಂದು ನಂಬಲು ಕಷ್ಟ: ಖಜಾನೆಯಲ್ಲಿ ಹಣ ಬೇಕಾದ್ದಕ್ಕಿಂತ ಹೆಚ್ಚಾಗಿ ಕೂಡಿಬಿದ್ದು ಅದೇ ರಾಜಕೀಯ ಸಮಸ್ಯೆಯಾಯಿತು. ಮಾರುಕಟ್ಟೆಯಲ್ಲಿ ಓಡಾಡಬೇಕಾದ ದುಡ್ಡು ಸರ್ಕಾರದ ಪೆಟ್ಟಿಗೆಯಲ್ಲಿ ಕೂತಿದೆ ಎಂದು ಜನ ದೂರಿದರು. ಸುಂಕ ಇಳಿಸಿ ಎಂದರು ಡೆಮಾಕ್ರಟ್ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್. ರಿಪಬ್ಲಿಕನ್ನರ ಉತ್ತರ ತಿರುಗುಮುರುಗು: ಸುಂಕ ಏರಿಸಿ, ಸರಕು ಬರುವುದೇ ನಿಲ್ಲುತ್ತದೆ, ಆಗ ವರಮಾನ ತಾನಾಗಿ ಇಳಿಯುತ್ತದೆ.

1889ರಲ್ಲಿ ಪ್ರತಿನಿಧಿ ಸಭೆಯ ತೆರಿಗೆ ಸಮಿತಿಗೆ ಅಧ್ಯಕ್ಷರಾದ ಮೆಕಿನ್ಲಿ ರೂಪಿಸಿದ್ದು ಈ ಎರಡನೇ ಬಗೆಯ ಕಾಯ್ದೆ. 1890ರ ಅಕ್ಟೋಬರ್ 1ರಂದು ಜಾರಿಗೆ ಸಹಿಯಾದ ಆ ಕಾಯ್ದೆಯ ಅಧಿಕೃತ ಶೀರ್ಷಿಕೆ ಶುರುವಾಗುವುದೇ "ವರಮಾನವನ್ನು ತಗ್ಗಿಸಲು" ಎಂಬ ಮಾತಿನಿಂದ. ನನಗೆ ಈ ಇಡೀ ಕಥೆಯ ಕೀಲಿಕೈ ಇದೇ ಸಾಲು ಅನ್ನಿಸುತ್ತದೆ. ಯಾವ ಕಾಯ್ದೆ ದೇಶದ ಬೊಕ್ಕಸ ತುಂಬಿಸಿತು ಎಂದು ಇಂದು ಕೊಂಡಾಡಲಾಗುತ್ತಿದೆಯೋ, ಅದನ್ನು ಬರೆದವರು ಬೊಕ್ಕಸಕ್ಕೆ ಬರುವ ಹಣ ಕಡಿಮೆ ಮಾಡಲೆಂದೇ ಬರೆದಿದ್ದರು. ಸುಂಕ ವಿಧಿಸಿದ ಸರಕುಗಳ ಮೇಲೆ ಸರಾಸರಿ ಶೇ 50ರ ಹತ್ತಿರಕ್ಕೆ ದರ ಏರಿತು. ಸುಂಕ ತಡೆಗೋಡೆಯಾಗಿ ಚೆನ್ನಾಗಿ ಕೆಲಸ ಮಾಡಿದರೆ ಹೊರಗಿನ ಸರಕು ಒಳಗೆ ಬರುವುದಿಲ್ಲ, ಬಾರದ ಸರಕಿನಿಂದ ಸುಂಕವೂ ಹುಟ್ಟುವುದಿಲ್ಲ. ವರಮಾನ ಬೇಕಾದರೆ ಸರಕು ಬರಲೇಬೇಕು, ಬಂದರೆ ಒಳಗಿನ ಕಾರ್ಖಾನೆಗೆ ರಕ್ಷಣೆಯಿಲ್ಲ. ಎರಡೂ ಫಲ ಒಟ್ಟಿಗೆ ಪೂರ್ತಿಯಾಗಿ ಸಿಗುತ್ತವೆ ಎನ್ನುವವರು ಎರಡರಲ್ಲಿ ಒಂದನ್ನು ಮರೆಮಾಚುತ್ತಿದ್ದಾರೆ. ಮೆಕಿನ್ಲಿ ಮರೆಮಾಚಲಿಲ್ಲ.

ಆ ಕಾಯ್ದೆಯಲ್ಲೇ ದೊಡ್ಡ ವಿನಾಯಿತಿಯೊಂದಿತ್ತು. ಕಚ್ಚಾ ಸಕ್ಕರೆಯ ಮೇಲಿನ ಸುಂಕವನ್ನು ತೆಗೆದುಹಾಕಿದರು. ಪ್ರತಿ ಮನೆಯ ಡಬ್ಬಿಯಲ್ಲಿ ಇರುವ ಪದಾರ್ಥ ಅದು, ಸರ್ಕಾರಕ್ಕೆ ಅತಿ ಹೆಚ್ಚು ಸುಂಕ ತರುತ್ತಿದ್ದದ್ದೂ ಅದೇ. ತೆಗೆದರೆ ಗೃಹಿಣಿಗೂ ಸಮಾಧಾನ, ಖಜಾನೆಯ ಹೆಚ್ಚುವರಿಯೂ ಕರಗುತ್ತದೆ. ಲೂಸಿಯಾನಾದ ಕಬ್ಬು ಬೆಳೆಗಾರರು ಮುಳುಗಬಾರದೆಂದು ಅವರಿಗೆ ಪೌಂಡಿಗೆ 2 ಸೆಂಟ್ ಪ್ರೋತ್ಸಾಹಧನ ಕೊಟ್ಟರು. ಅದರ ಜೊತೆಗೆ ಅದೇ ಸಂಸತ್ತು ಮಾಜಿ ಸೈನಿಕರ ಪಿಂಚಣಿಯನ್ನೂ ವಿಸ್ತರಿಸಿತು. ನಾಲ್ಕು ವರ್ಷದೊಳಗೆ ಹೆಚ್ಚುವರಿ ಕರಗಿದ್ದಷ್ಟೇ ಅಲ್ಲ, 1894ರ ಹೊತ್ತಿಗೆ ಖಜಾನೆ ಕೊರತೆಗೆ ಬಿದ್ದಿತ್ತು.

ತವರದ ತಗಡಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸುಂಕದ ಪರವಾದ ವಾದಕ್ಕೆ ಇದರಲ್ಲಿ ನಿಜವಾದ ಬಲವಿದೆ. ಡಬ್ಬಿ, ಲೋಟ, ಹಾಲಿನ ಕ್ಯಾನು, ಮನೆಯ ಚಾವಣಿ, ಎಲ್ಲಕ್ಕೂ ಬೇಕಾದ ತವರ ಲೇಪಿಸಿದ ತಗಡು ಆಗ ಅಮೆರಿಕದಲ್ಲಿ ತಯಾರಾಗುತ್ತಿರಲಿಲ್ಲ ಎಂದೇ ಹೇಳಬಹುದು. ವೇಲ್ಸ್‌ನ ಸ್ವಾನ್ಸಿ, ಲನೆಥ್ಲಿ ಊರುಗಳಿಂದ ಹಡಗುಗಟ್ಟಲೆ ಬರುತ್ತಿತ್ತು. ಮೆಕಿನ್ಲಿ ಕಾಯ್ದೆ ಇದರ ಸುಂಕವನ್ನು ಪೌಂಡಿಗೆ 1 ಸೆಂಟ್‌ನಿಂದ 2.2 ಸೆಂಟ್‌ಗೆ ಏರಿಸಿತು, ಆದರೆ ಒಂದು ಷರತ್ತಿನೊಡನೆ: ದೇಶದೊಳಗಿನ ತಯಾರಿಕೆ ಕೆಲವೇ ವರ್ಷಗಳಲ್ಲಿ ಆಮದಿನ ಮೂರನೇ ಒಂದು ಭಾಗವನ್ನಾದರೂ ಮುಟ್ಟದಿದ್ದರೆ, 1897ರ ಅಕ್ಟೋಬರ್‌ನಿಂದ ಸುಂಕ ಪೂರ್ತಿ ರದ್ದು. ಅಂದರೆ ಗಡುವು ಇಟ್ಟ ರಕ್ಷಣೆ. ಕಾರ್ಖಾನೆಗಳು ನಿಜವಾಗಿಯೂ ಎದ್ದವು. ಓಹಾಯೋ, ಪೆನ್ಸಿಲ್ವೇನಿಯಾ, ಇಂಡಿಯಾನಾದಲ್ಲಿ ತಗಡಿನ ಉದ್ಯಮ ಬೇರೂರಿತು. ಅದಕ್ಕೆ ಬೇಕಾದ ಕೈಚಳಕ ಎಲ್ಲಿಂದ ಬಂತು? ವೇಲ್ಸ್‌ನಲ್ಲಿ ಕುಲುಮೆಗಳು ಆರಿ ಕೆಲಸ ಕಳೆದುಕೊಂಡ ಕಾರ್ಮಿಕರೇ ಹಡಗು ಹತ್ತಿ ಬಂದು ಅಮೆರಿಕನ್ನರಿಗೆ ಕಲಿಸಿಕೊಟ್ಟರು. ಆ ಕಾಲದ ಸುಂಕದ ಗೋಡೆಯ ಪಕ್ಕದಲ್ಲಿ ಮನುಷ್ಯರಿಗೆ ಬಾಗಿಲು ತೆರೆದಿತ್ತು. ಚೀನೀಯರನ್ನು ಕ್ರೂರವಾಗಿ ಹೊರಗಿಟ್ಟ 1882ರ ಕಾನೂನನ್ನು ಬಿಟ್ಟರೆ, 1880ರ ದಶಕವೊಂದರಲ್ಲೇ 50 ಲಕ್ಷಕ್ಕೂ ಹೆಚ್ಚು ವಲಸಿಗರು ಬಂದಿಳಿದರು. ಇಂದು ಅದೇ ಕಾಲವನ್ನು ಮಾದರಿಯೆನ್ನುವವರು ಸರಕು, ಮನುಷ್ಯ ಎರಡಕ್ಕೂ ಬಾಗಿಲು ಹಾಕುತ್ತಿದ್ದಾರೆ.

ಆದರೆ ಉದ್ಯಮ ಬೆಳೆಯಲು ವರ್ಷಗಳು ಬೇಕು, ಬೆಲೆ ಏರಲು ಒಂದು ವಾರ ಸಾಕು. ಕಾಯ್ದೆ ಜಾರಿಯಾದದ್ದು ಅಕ್ಟೋಬರ್ 6ಕ್ಕೆ, ಚುನಾವಣೆ ನವೆಂಬರ್ 4ಕ್ಕೆ. ಅಂಗಡಿಗಳು ಬೆಲೆ ಏರಿಸುತ್ತಿದ್ದವು. ಡೆಮಾಕ್ರಟ್ ಪಕ್ಷದವರು ಹಳ್ಳಿಗಳಿಗೆ ತಗಡಿನ ಲೋಟ ಮಾರುವವರನ್ನು ಕಳಿಸಿ, ವಿಪರೀತ ಬೆಲೆ ಹೇಳಿಸಿ, "ಮೆಕಿನ್ಲಿ ಸುಂಕದ ದಯೆ" ಎನ್ನಿಸಿದರು ಎಂಬುದು ಆ ಚುನಾವಣೆಯ ಪ್ರಸಿದ್ಧ ಕಥೆ. ರಿಪಬ್ಲಿಕನ್ನರು ಪ್ರತಿನಿಧಿ ಸಭೆಯಲ್ಲಿ 90ಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡರು. ಓಹಾಯೋದ ಡೆಮಾಕ್ರಟರು ಕ್ಷೇತ್ರದ ಗಡಿಯನ್ನು ತಮಗೆ ಅನುಕೂಲವಾಗುವಂತೆ ಗೆರೆ ಎಳೆದಿದ್ದರಿಂದ, ಸುಮಾರು 300 ಮತಗಳಿಂದ ಸ್ವತಃ ಮೆಕಿನ್ಲಿಯೂ ಸೋತರು.

ಅಮೆರಿಕದ ಮತದಾರನಿಗೆ ಸಿಟ್ಟು ತೋರಿಸಲು ಮತಪೆಟ್ಟಿಗೆಯಿತ್ತು. ಹವಾಯಿಯವರಿಗೆ ಇರಲಿಲ್ಲ. ಆಗ ಹವಾಯಿ ಸ್ವತಂತ್ರ ರಾಜ್ಯ. 1875ರ ಒಪ್ಪಂದದ ಪ್ರಕಾರ ಅಲ್ಲಿನ ಸಕ್ಕರೆ ಸುಂಕವಿಲ್ಲದೆ ಅಮೆರಿಕಕ್ಕೆ ಹೋಗುತ್ತಿತ್ತು, ಇಡೀ ಆರ್ಥಿಕತೆ ಅದರ ಮೇಲೆ ನಿಂತಿತ್ತು. 1890ರ ಕಾಯ್ದೆ ಎಲ್ಲರ ಸಕ್ಕರೆಯನ್ನೂ ಸುಂಕಮುಕ್ತ ಮಾಡಿ, ಒಳಗಿನವರಿಗೆ ಪೌಂಡಿಗೆ 2 ಸೆಂಟ್ ಕೊಟ್ಟದ್ದೇ ತಡ, ಹವಾಯಿಯ ಮೇಲುಗೈ ಮಾಯವಾಯಿತು. ಬೆಲೆ ಬಿತ್ತು, ಕೂಲಿ ಬಿತ್ತು. ಅಮೆರಿಕದ ಭಾಗವಾದರೆ ನಮಗೂ ಪ್ರೋತ್ಸಾಹಧನ ಸಿಗುತ್ತದೆ ಎಂಬ ಲೆಕ್ಕ ಅಲ್ಲಿದ್ದ ಬಿಳಿಯ ತೋಟದ ಮಾಲೀಕರಲ್ಲಿ ಕೆಲವರ ತಲೆಗೆ ಬಂತು. ರಾಣಿ ಲಿಲಿಯುಒಕಲಾನಿಯನ್ನು 1893ರ ಜನವರಿ 17ರಂದು ಕೆಳಗಿಳಿಸಿದರು. ಕಾರಣ ಸಕ್ಕರೆಯೊಂದೇ ಅಲ್ಲ, ರಾಣಿ ತರಲಿದ್ದ ಹೊಸ ಸಂವಿಧಾನದ ಭಯವೂ ಇತ್ತು. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಇದು ಅನ್ಯಾಯವೆಂದು ವಿಲೀನಕ್ಕೆ ಒಪ್ಪಲಿಲ್ಲ. 1898ರ ಜುಲೈನಲ್ಲಿ ಒಪ್ಪಿ ಸಹಿ ಹಾಕಿದವರು ಮೆಕಿನ್ಲಿ.

ಕ್ಯೂಬಾಕ್ಕೆ ಇದೇ ಸಕ್ಕರೆ ಮೊದಲು ಹಿಗ್ಗು ತಂದಿತು, ಆಮೇಲೆ ಹೊಡೆತ. ಸುಂಕವಿಲ್ಲದ ಮಾರುಕಟ್ಟೆ ಸಿಕ್ಕಿ 1894ರ ಹೊತ್ತಿಗೆ ಅಲ್ಲಿನ ಉತ್ಪಾದನೆ ಹತ್ತು ಲಕ್ಷ ಟನ್ ಮುಟ್ಟಿತು. ಅದೇ ವರ್ಷ ಡೆಮಾಕ್ರಟರು ಕಾಯ್ದೆ ಬದಲಿಸಿ ಸಕ್ಕರೆಯ ಮೇಲೆ ಶೇ 40 ಸುಂಕ ಹಾಕಿದರು. ತೋಟಗಳು ಕೆಲಸಗಾರರನ್ನು ಕೈಬಿಟ್ಟವು. ಸ್ಪೇನ್ ವಿರುದ್ಧ ಹೊಸೆ ಮಾರ್ತಿ ಮತ್ತಿತರರು ಸಿದ್ಧಪಡಿಸುತ್ತಿದ್ದ ದಂಗೆ 1895ರ ಫೆಬ್ರವರಿಯಲ್ಲಿ ಎದ್ದಾಗ, ನಿರುದ್ಯೋಗಿಗಳಾದ ಹಳ್ಳಿಗರು ಅದರ ಹಿಂದೆ ನಿಂತರು. ಸ್ವಾತಂತ್ರ್ಯದ ಹಂಬಲ ಸುಂಕದಿಂದ ಹುಟ್ಟಿದ್ದಲ್ಲ, ಆದರೆ ಕಾಲ ಕೂಡಿಸಿದ್ದರಲ್ಲಿ ಅದರ ಪಾಲಿದೆ.

ಕೆನಡಾ ಬೇರೆ ದಾರಿ ಹಿಡಿಯಿತು. ಅಲ್ಲಿನ ರೈತರ ಬಾರ್ಲಿ, ಮೊಟ್ಟೆಗಳಿಗೆ ಅಮೆರಿಕದ ಬಾಗಿಲು ಮುಚ್ಚಿದಾಗ, ಒತ್ತಡಕ್ಕೆ ಮಣಿದು ಕೊನೆಗೆ ನಮ್ಮಲ್ಲಿ ಸೇರುತ್ತಾರೆ ಎಂದು ವಾಷಿಂಗ್ಟನ್ನಿನ ಕೆಲವರು ಎಣಿಸಿದ್ದರು. 1891ರ ಚುನಾವಣೆಯಲ್ಲಿ ವೃದ್ಧ ಪ್ರಧಾನಿ ಜಾನ್ ಮೆಕ್‌ಡೊನಾಲ್ಡ್ ದೇಶಾಭಿಮಾನದ ಮೇಲೇ ಗೆದ್ದರು, ಸರಕು ಬ್ರಿಟನ್ನಿನ ಕಡೆ ತಿರುಗಿತು. 2025ರ ಏಪ್ರಿಲ್‌ನಲ್ಲಿ, ಸುಂಕ ಮತ್ತು "51ನೇ ರಾಜ್ಯ"ದ ಮಾತುಗಳ ನಡುವೆ, ಸೋಲುವ ಸ್ಥಿತಿಯಲ್ಲಿದ್ದ ಲಿಬರಲ್ ಪಕ್ಷವನ್ನು ಕೆನಡಾದ ಮತದಾರರು ಮಾರ್ಕ್ ಕಾರ್ನಿ ನಾಯಕತ್ವದಲ್ಲಿ ಗೆಲ್ಲಿಸಿದ್ದು ನೆನಪಿಗೆ ಬರುತ್ತದೆ.

ಭಾರತಕ್ಕೂ ಈ ಕಥೆಗೂ ಒಂದು ನಂಟಿದೆ, ಅದು ಬೆಳ್ಳಿಯ ಮೂಲಕ. 1890ರ ಕಾಯ್ದೆ ಸೆನೆಟ್‌ನಲ್ಲಿ ಪಾಸಾಗಲು ಪಶ್ಚಿಮದ ಬೆಳ್ಳಿ ಗಣಿ ರಾಜ್ಯಗಳ ಮತ ಬೇಕಿತ್ತು. ಅವರಿಗಾಗಿ ಅದೇ ಜುಲೈನಲ್ಲಿ, ಸರ್ಕಾರ ತಿಂಗಳಿಗೆ 45 ಲಕ್ಷ ಔನ್ಸ್ ಬೆಳ್ಳಿ ಕೊಳ್ಳಬೇಕೆಂಬ ಕಾನೂನು ಮಾಡಿದರು. ಕೊಡು-ಕೊಳ್ಳುವ ವ್ಯವಹಾರ. ಬೆಳ್ಳಿ ಕೊಳ್ಳಲು ಬಿಡುಗಡೆ ಮಾಡಿದ ನೋಟುಗಳನ್ನು ಜನ ಚಿನ್ನಕ್ಕೆ ಬದಲಿಸಿಕೊಳ್ಳತೊಡಗಿದರು, ಖಜಾನೆಯ ಚಿನ್ನ ಸೋರಿತು. 1893ರ ವಸಂತದಲ್ಲಿ ಬ್ಯಾಂಕುಗಳು ಬೀಳಲಾರಂಭಿಸಿದವು. ಅದೇ ಹೊತ್ತಿಗೆ, ಜೂನ್ 26ರಂದು, ಬ್ರಿಟಿಷ್ ಸರ್ಕಾರ ಭಾರತದ ಟಂಕಸಾಲೆಗಳಲ್ಲಿ ಜನ ಬೆಳ್ಳಿ ತಂದು ರೂಪಾಯಿ ಅಚ್ಚು ಹಾಕಿಸಿಕೊಳ್ಳುವ ಪದ್ಧತಿಯನ್ನು ನಿಲ್ಲಿಸಿತು. ಜಗತ್ತಿನ ದೊಡ್ಡ ಬೆಳ್ಳಿ ಗಿರಾಕಿಗಳಲ್ಲಿ ಒಬ್ಬರು ಬಾಗಿಲು ಮುಚ್ಚಿದಂತಾಯಿತು, ಬೆಲೆ ಕುಸಿಯಿತು. ನಾಲ್ಕೇ ದಿನಕ್ಕೆ ಕ್ಲೀವ್‌ಲ್ಯಾಂಡ್ ವಿಶೇಷ ಅಧಿವೇಶನ ಕರೆದರು. ಅಮೆರಿಕದಲ್ಲಿ ಸುಮಾರು 500 ಬ್ಯಾಂಕುಗಳು, 15 ಸಾವಿರ ವ್ಯಾಪಾರ ಸಂಸ್ಥೆಗಳು ಮುಚ್ಚಿದವು. ನಿರುದ್ಯೋಗ ವರ್ಷಗಟ್ಟಲೆ ಶೇ 10ಕ್ಕಿಂತ ಮೇಲಿತ್ತು. 1870ರಿಂದ 1913ರವರೆಗಿನ ಸಿರಿಯ ಕಾಲ ಎನ್ನುವಾಗ ಈ ವರ್ಷಗಳನ್ನು ಬಿಟ್ಟು ಎಣಿಸಬೇಕಾಗುತ್ತದೆ.

ಆ ಕಷ್ಟಕಾಲವೇ ಮೆಕಿನ್ಲಿಯನ್ನು ಅಧ್ಯಕ್ಷರನ್ನಾಗಿಸಿತು. 1896ರಲ್ಲಿ ಎದುರಾಳಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್, ಮಾತಿನ ಮಲ್ಲ, ಬೆಳ್ಳಿ ನಾಣ್ಯದ ಪರ ನಿಂತು 18 ಸಾವಿರ ಮೈಲಿ ಸುತ್ತಿದರು. ಮೆಕಿನ್ಲಿ ಕ್ಯಾಂಟನ್ನಿನ ಮನೆಯ ಜಗಲಿ ಬಿಟ್ಟು ಕದಲಲಿಲ್ಲ, ಏಳೂವರೆ ಲಕ್ಷ ಜನ ರೈಲಿನಲ್ಲಿ ಅಲ್ಲಿಗೇ ಬಂದರು. ಅಪಸ್ಮಾರದಿಂದ ನರಳುತ್ತಿದ್ದ ಪತ್ನಿ ಈಡಾರನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಎಳವೆಯಲ್ಲೇ ಕಳೆದುಕೊಂಡಿದ್ದ ದಂಪತಿ ಅವರು. ಆ ಶರತ್ಕಾಲದಲ್ಲಿ ಗೋಧಿ ಬೆಲೆ ಏರಿ ಮಧ್ಯಪಶ್ಚಿಮದ ರೈತರ ಸಿಟ್ಟು ತುಸು ತಣ್ಣಗಾಯಿತು, ಬ್ರಯನ್‌ಗೆ ಸಿಗಬೇಕಾಗಿದ್ದ ಮತ ಅಷ್ಟಷ್ಟೇ ಜಾರಿತು. ಬೆಲೆ ಏರಲು ಒಂದು ಕಾರಣ ಭಾರತದಲ್ಲಿ ಮಳೆ ಕೈಕೊಟ್ಟು ಬೆಳೆ ಒಣಗಿದ್ದು. 1896-97ರ ಆ ಬರದಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ವಿಜಾಪುರ ಸೀಮೆಯೂ ಬೆಂದಿತು. ಒಂದು ಕಡೆಯ ಹಸಿವು ಇನ್ನೊಂದು ಕಡೆಯ ರೈತನ ಕಣಜಕ್ಕೆ ಬೆಲೆ ತಂದಿತು ಎಂಬುದನ್ನು ಓದಿದಾಗ ಮನಸ್ಸು ಭಾರವಾಗುತ್ತದೆ.

ಅಧ್ಯಕ್ಷರಾದ ಮೇಲೆ 1897ರ ಡಿಂಗ್ಲಿ ಕಾಯ್ದೆಯಿಂದ ಸುಂಕ ಇನ್ನೂ ಏರಿತು. ಈ ಸಲ ವರಮಾನವೂ ಬೇಕಿದ್ದರಿಂದ ಸಕ್ಕರೆಯ ಮೇಲಿನ ಸುಂಕವೂ ಏರಿತು. ಆ ಹೊತ್ತಿಗೆ ಆರ್ಥಿಕತೆ ಚೇತರಿಸಿಕೊಂಡದ್ದು ನಿಜ, 1900ರಲ್ಲಿ "ತುಂಬಿದ ಬುತ್ತಿ" ಎಂಬ ಘೋಷಣೆಯ ಮೇಲೆ ಮತ್ತೆ ಗೆದ್ದದ್ದೂ ನಿಜ. ಆದರೆ ಚೇತರಿಕೆಗೆ ಬೇರೆ ದೊಡ್ಡ ಕಾರಣಗಳಿದ್ದವು. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಕ್ಲೊಂಡೈಕ್‌ಗಳಿಂದ ಚಿನ್ನ ಹರಿದು ಬಂದು ಹಣದ ಬಿಗಿ ಸಡಿಲಿತು. ನಮ್ಮ ಕೋಲಾರದ ಗಣಿಯ ಚಿನ್ನ ಲಂಡನ್ನಿಗೆ ಸಾಗುತ್ತಿದ್ದದ್ದೂ ಇದೇ ಕಾಲ. ಯುರೋಪಿನಲ್ಲಿ ಬೆಳೆ ಕೆಟ್ಟು ಅಮೆರಿಕದ ಧಾನ್ಯಕ್ಕೆ ಬೇಡಿಕೆ ಬಂತು. ವಲಸಿಗರ ದುಡಿಮೆ, ಸಾವಿರಾರು ಮೈಲಿ ಅಡ್ಡಿಯಿಲ್ಲದ ಒಳಮಾರುಕಟ್ಟೆ, ಕಲ್ಲಿದ್ದಲು, ಕಬ್ಬಿಣ ಅದಿರು, ರೈಲು. ಸುಂಕ ಇವುಗಳ ಜೊತೆಗಿತ್ತು ಎಂದು ಹೇಳಬಹುದು, ಇವುಗಳನ್ನು ತಂದಿತು ಎನ್ನಲಾಗದು.

ಅವರ ಆಡಳಿತದ ಉಳಿದ ಭಾಗವನ್ನೂ ಮುಚ್ಚಿಡಬಾರದು. ಯುದ್ಧ ಕಣ್ಣಾರೆ ಕಂಡಿದ್ದ ಮೆಕಿನ್ಲಿ ಸ್ಪೇನ್ ಮೇಲೆ ಯುದ್ಧಕ್ಕೆ ಹಿಂಜರಿದರು. 1898ರ ಫೆಬ್ರವರಿ 15ರಂದು ಹವಾನಾ ಬಂದರಿನಲ್ಲಿ ಮೇನ್ ಯುದ್ಧನೌಕೆ ಸ್ಫೋಟಿಸಿ ಸುಮಾರು 260 ಮಂದಿ ಸತ್ತ ಮೇಲೆ ಆ ಹಿಂಜರಿಕೆ ಉಳಿಯಲಿಲ್ಲ. ಗೆದ್ದ ಮೇಲೆ ಪೋರ್ಟೊ ರಿಕೊ, ಗುವಾಮ್, 2 ಕೋಟಿ ಡಾಲರಿಗೆ ಫಿಲಿಪ್ಪೀನ್ಸ್. ಸ್ವಾತಂತ್ರ್ಯ ಸಾರಿದ್ದ ಫಿಲಿಪ್ಪೀನ್ಸ್ ಜನ ಈ ಹೊಸ ಒಡೆಯನನ್ನು ಒಪ್ಪಲಿಲ್ಲ. 1899ರಿಂದ 1902ರವರೆಗೆ ನಡೆದ ಯುದ್ಧದಲ್ಲಿ, ಅದರ ಬೆನ್ನಿಗೆ ಬಂದ ಹಸಿವು ರೋಗಗಳಲ್ಲಿ, ಸುಮಾರು ಎರಡು ಲಕ್ಷ ನಾಗರಿಕರು ಸತ್ತರೆಂಬ ಅಂದಾಜಿದೆ. 1898ರ ನವೆಂಬರ್‌ನಲ್ಲಿ ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಬಿಳಿಯರ ಗುಂಪು ಚುನಾಯಿತ ನಗರಾಡಳಿತವನ್ನೇ ಬಂದೂಕಿನಿಂದ ಉರುಳಿಸಿ ಕಪ್ಪು ನಾಗರಿಕರನ್ನು ಕೊಂದಾಗ, ಅಧ್ಯಕ್ಷರಿಗೆ ಪತ್ರ ಬರೆದು ಮೊರೆಯಿಟ್ಟರೂ ಸೈನ್ಯ ಹೋಗಲಿಲ್ಲ. ಗುಲಾಮಗಿರಿಯ ವಿರುದ್ಧ ಬಂದೂಕು ಹಿಡಿದಿದ್ದ ವ್ಯಕ್ತಿಯ ಈ ಮೌನವನ್ನು ನನಗೆ ಕ್ಷಮಿಸಲಾಗುವುದಿಲ್ಲ.

ಮತ್ತೆ 1890ರ ಕಾಯ್ದೆಗೆ ಬರೋಣ, ಅದರ ಮೂರನೇ ಕಲಮಿಗೆ. 2025ರ ಸುಂಕಗಳ ಬಗ್ಗೆ ನ್ಯಾಯಾಲಯದಲ್ಲಿ ನಡೆದ ಜಗಳಕ್ಕೆ ನೇರ ಸಂಬಂಧವಿರುವುದು ಇದಕ್ಕೇ. ಸಕ್ಕರೆ, ಕಾಫಿ, ಚಹಾ, ಹಸಿ ಚರ್ಮಕ್ಕೆ ಸುಂಕವಿಲ್ಲ. ಆದರೆ ಇವನ್ನು ಕಳಿಸುವ ದೇಶ ಅಮೆರಿಕದ ಸರಕಿಗೆ ಅನ್ಯಾಯದ ಸುಂಕ ಹಾಕಿದರೆ, ಅಧ್ಯಕ್ಷರು ಆ ದೇಶದ ಮಟ್ಟಿಗೆ ವಿನಾಯಿತಿ ಹಿಂಪಡೆಯಬಹುದು. ಆಗ ಕಾಫಿಗೆ ಪೌಂಡಿಗೆ 3 ಸೆಂಟ್, ಚಹಾಕ್ಕೆ 10 ಸೆಂಟ್ ಎಂದು ದರವೂ ಕಾಯ್ದೆಯಲ್ಲೇ ಬರೆದಿತ್ತು. 1892ರ ಮಾರ್ಚ್‌ನಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಕೊಲಂಬಿಯಾ, ವೆನೆಜುವೆಲಾ, ಹೈಟಿಗಳ ಮೇಲೆ ಇದನ್ನು ಪ್ರಯೋಗಿಸಿದರು. ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನದು, ಅಧ್ಯಕ್ಷರಿಗೆ ಹೇಗೆ ದಾಟಿಸುತ್ತೀರಿ ಎಂದು ಷಿಕಾಗೊದ ಆಮದುದಾರರು ಅದಕ್ಕೂ ಮೊದಲೇ ಕೇಳಿದ್ದರು. 1892ರ ಫೆಬ್ರವರಿಯ ಫೀಲ್ಡ್ ವಿರುದ್ಧ ಕ್ಲಾರ್ಕ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ಕಾರಣ ಇದು: ದರ, ಸರಕು, ಸಂದರ್ಭ ಎಲ್ಲವನ್ನೂ ಕಾಂಗ್ರೆಸ್ ಮೊದಲೇ ನಿಗದಿ ಮಾಡಿದೆ, ಅಧ್ಯಕ್ಷರು ಸಂದರ್ಭ ಒದಗಿದೆಯೇ ಎಂದಷ್ಟೇ ಗುರುತಿಸುತ್ತಾರೆ.

2025ರ ಸುಂಕಗಳ ಬಹುಭಾಗ ನಿಂತಿದ್ದದ್ದು 1977ರ ತುರ್ತು ಆರ್ಥಿಕ ಅಧಿಕಾರಗಳ ಕಾನೂನಿನ ಮೇಲೆ. ಅದರಲ್ಲಿ ಸುಂಕ ಎಂಬ ಪದವೇ ಇಲ್ಲ, ದರವೂ ಇಲ್ಲ, ಸರಕಿನ ಪಟ್ಟಿಯೂ ಇಲ್ಲ. ಕೆಳಗಿನ ಎರಡು ನ್ಯಾಯಾಲಯಗಳು ಸರ್ಕಾರದ ವಿರುದ್ಧ ತೀರ್ಪು ಕೊಟ್ಟವು, ನವೆಂಬರ್ 5ರಂದು ಸುಪ್ರೀಂ ಕೋರ್ಟ್‌ನಲ್ಲಿ ವಾದ ನಡೆಯಿತು. ಮೆಕಿನ್ಲಿ ತಮ್ಮ ಕಾಯ್ದೆಯನ್ನು ತಿಂಗಳುಗಟ್ಟಲೆ ಸದನದಲ್ಲಿ ಸಮರ್ಥಿಸಿ, ಸೆನೆಟ್ ಮಾಡಿದ ನೂರಾರು ತಿದ್ದುಪಡಿಗಳನ್ನು ನುಂಗಿಕೊಂಡು, ಮತಕ್ಕೆ ಹಾಕಿ, ಅದಕ್ಕಾಗಿ ತಮ್ಮ ಸ್ಥಾನವನ್ನೇ ತೆತ್ತರು. ಒಬ್ಬರ ಸಹಿಯಿಂದ ಏರಿ ಇನ್ನೊಂದು ಸಹಿಯಿಂದ ಇಳಿಯುವ ಸುಂಕಕ್ಕೆ ಅವರ ಹೆಸರು ಹೊಂದುವುದಿಲ್ಲ.

ಲೆಕ್ಕವೂ ಹೊಂದುವುದಿಲ್ಲ. 2025ರ ಹಣಕಾಸು ವರ್ಷದಲ್ಲಿ ಅಮೆರಿಕಕ್ಕೆ ಸುಂಕದಿಂದ ಬಂದದ್ದು ಸುಮಾರು 195 ಬಿಲಿಯನ್ ಡಾಲರ್, ಸರ್ಕಾರದ ಖರ್ಚು ಸುಮಾರು 7 ಟ್ರಿಲಿಯನ್. ನೂರಕ್ಕೆ ಮೂರು ಪಾಲಿಗಿಂತ ಕಡಿಮೆ. ಮೆಕಿನ್ಲಿ ಕಾಲದಲ್ಲಿ ಸರ್ಕಾರದ ಭಾರವನ್ನು ಅರ್ಧದಷ್ಟು ಹೊತ್ತಿದ್ದ ಬುನಾದಿ ಅದು. ವೃದ್ಧಾಪ್ಯ ಪಿಂಚಣಿ, ಆರೋಗ್ಯ ವಿಮೆ, ಜಗತ್ತಿನಾದ್ಯಂತ ಸೇನೆ ಯಾವುದೂ ಇಲ್ಲದ ಸರ್ಕಾರ. ಬೆಲೆಯ ಮಾತಂತೂ ಬದಲಾಗಿಲ್ಲ. 2025ರ ನವೆಂಬರ್ 14ರಂದು ಕಾಫಿ, ಚಹಾ, ಬಾಳೆಹಣ್ಣು, ದನದ ಮಾಂಸ ಮುಂತಾದವನ್ನು ಪ್ರತಿಸುಂಕದ ಪಟ್ಟಿಯಿಂದ ಹೊರತೆಗೆದರು. ದೇಶದಲ್ಲಿ ಹೆಚ್ಚುಕಡಿಮೆ ಬೆಳೆಯದ ಕಾಫಿಗೆ ಸುಂಕ ಹಾಕಿದರೆ ರಕ್ಷಣೆ ಪಡೆಯುವ ತೋಟಗಳೇ ಇಲ್ಲವೆನ್ನಬಹುದು, ಕುಡಿಯುವವನ ಜೇಬು ಮಾತ್ರ ಹಗುರಾಗುತ್ತದೆ. 1890ರ ಸಮಿತಿಯ ಕೋಣೆಯಲ್ಲಿ ಅಷ್ಟು ಗೊತ್ತಿತ್ತು. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರಿನ ಫಸಲಿನ ದೊಡ್ಡ ಪಾಲು ಯುರೋಪಿಗೆ ಹೋಗುತ್ತದಾದರೂ, ಬೆಳೆಗಾರರು ಆ ತಿಂಗಳುಗಳಲ್ಲಿ ಬ್ರೆಜಿಲ್ ಮೇಲಿನ ಸುಂಕದ ಸುದ್ದಿಯನ್ನೂ ಮಳೆಯ ಸುದ್ದಿಯಷ್ಟೇ ಗಮನವಿಟ್ಟು ಕೇಳಬೇಕಾಯಿತು, ಏಕೆಂದರೆ ಅಂತರರಾಷ್ಟ್ರೀಯ ಬೆಲೆ ಅದರ ಜೊತೆ ಕುಣಿಯುತ್ತದೆ.

ಕೊನೆಯ ವರ್ಷಗಳಲ್ಲಿ ಮೆಕಿನ್ಲಿಯ ಮಾತು ಬದಲಾಯಿತು. ಅಮೆರಿಕದ ಕಾರ್ಖಾನೆಗಳು ಒಳಗೆ ಖರ್ಚಾಗುವುದಕ್ಕಿಂತ ಹೆಚ್ಚು ತಯಾರಿಸುತ್ತಿದ್ದವು, ಅವುಗಳಿಗೆ ಹೊರಗಿನ ಗಿರಾಕಿ ಬೇಕಿತ್ತು. ಡಿಂಗ್ಲಿ ಕಾಯ್ದೆಯಲ್ಲೇ ಇದ್ದ ಅವಕಾಶ ಬಳಸಿ, ನೀವು ಸುಂಕ ಇಳಿಸಿ ನಾವೂ ಇಳಿಸುತ್ತೇವೆ ಎಂಬ ಒಪ್ಪಂದಗಳಿಗಾಗಿ ಜಾನ್ ಕ್ಯಾಸನ್ ಎಂಬ ಅನುಭವಿ ರಾಜತಾಂತ್ರಿಕರನ್ನು ನೇಮಿಸಿದರು. ರೆಸಿಪ್ರೊಸಿಟಿ ಎಂಬ ಪದಕ್ಕೆ ಅವರಲ್ಲಿದ್ದ ಅರ್ಥ ಪರಸ್ಪರ ಇಳಿಸುವುದು. 1901ರ ಸೆಪ್ಟೆಂಬರ್ 5ರಂದು ಬಫಲೊ ನಗರದ ವಸ್ತುಪ್ರದರ್ಶನದಲ್ಲಿ ದೊಡ್ಡ ಜನಸಮೂಹದ ಮುಂದೆ ಅವರು ಹೇಳಿದರು: ಎಲ್ಲವನ್ನೂ ನಾವೇ ಮಾರುತ್ತ, ಏನನ್ನೂ ಕೊಳ್ಳದೆ ಸದಾ ಇರಬಹುದೆಂಬ ಭ್ರಮೆಯಲ್ಲಿ ನೆಮ್ಮದಿಯಾಗಿರಲಾಗದು. ಪ್ರತ್ಯೇಕವಾಗಿ ಉಳಿಯುವ ಕಾಲ ಮುಗಿಯಿತು. ವ್ಯಾಪಾರದ ಯುದ್ಧಗಳಿಂದ ಲಾಭವಿಲ್ಲ. ಪರಸ್ಪರ ಒಪ್ಪಂದಗಳು ಕಾಲಕ್ಕೆ ತಕ್ಕವು, ಸೇಡಿನ ಕ್ರಮಗಳಲ್ಲ. ಇದನ್ನು ಹೇಳಿದ್ದು ಅಮೆರಿಕದಲ್ಲಿ ಸುಂಕ ಎಂಬುದಕ್ಕೆ ತಮ್ಮ ಹೆಸರನ್ನೇ ಕೊಟ್ಟಿದ್ದ ಮನುಷ್ಯ. ಅವರು ಸುಂಕ ಬೇಡವೆನ್ನಲಿಲ್ಲ, ರಕ್ಷಣೆಯ ನಂಬಿಕೆಯನ್ನೂ ಬಿಡಲಿಲ್ಲ. ಎಳೆಯ ಗಿಡಕ್ಕೆ ಕಟ್ಟಿದ ಬೇಲಿ ಬೆಳೆದ ಮರಕ್ಕೆ ಬೇಕಿಲ್ಲ ಎಂಬುದನ್ನು ಕಂಡುಕೊಂಡರು.

ಮರುದಿನ ಮಧ್ಯಾಹ್ನ ಅದೇ ಪ್ರದರ್ಶನದ ಸಂಗೀತ ಮಂದಿರದಲ್ಲಿ ಜನರ ಕೈಕುಲುಕುತ್ತಿದ್ದಾಗ, ಲಿಯಾನ್ ಚೊಲ್ಗೊಷ್ ಎಂಬ ಅರಾಜಕತಾವಾದಿ ಕರವಸ್ತ್ರದಲ್ಲಿ ಸುತ್ತಿದ್ದ ಪಿಸ್ತೂಲಿನಿಂದ ಎರಡು ಗುಂಡು ಹಾರಿಸಿದ. ಅವನನ್ನು ಹೊಡೆಯುತ್ತಿದ್ದವರನ್ನು ತಡೆಯಿರಿ ಎಂದರು ಮೆಕಿನ್ಲಿ. ಆಮೇಲೆ, ಈಡಾಗೆ ಹೇಳುವಾಗ ಜೋಪಾನ ಎಂದರು. ಸೆಪ್ಟೆಂಬರ್ 14ರಂದು, 58ನೇ ವಯಸ್ಸಿನಲ್ಲಿ ತೀರಿಕೊಂಡರು. ಸುಂಕದ ಜಗಳಕ್ಕೆ ಕೈಹಾಕಲು ಉತ್ತರಾಧಿಕಾರಿ ಥಿಯೊಡೋರ್ ರೂಸ್ವೆಲ್ಟ್‌ಗೆ ಮನಸ್ಸಿರಲಿಲ್ಲ. ಕ್ಯಾಸನ್ ಬೇಸತ್ತು ಅದೇ ವರ್ಷ ರಾಜೀನಾಮೆ ಕೊಟ್ಟಿದ್ದರು. ಅವರು ಕುದುರಿಸಿದ ಒಪ್ಪಂದಗಳಿಗೆ ಸೆನೆಟ್ ಕೊನೆಗೂ ಒಪ್ಪಿಗೆ ಕೊಡಲಿಲ್ಲ, ಡಿಂಗ್ಲಿ ಸುಂಕ 1909ರವರೆಗೆ ಮುಂದುವರಿಯಿತು.